ಉಷ್ಣವಲಯದ ಬೆಟ್ಟದ ಕಾಡಿಗೆ ಹವಾಮಾನ ಏನು ಮಾಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಟ್ಟದ ಕಾಡು, ಹವಾಮಾನ ಬದಲಾವಣೆ ಎಂದ ಕೂಡಲೇ ಹೆಚ್ಚಿನವರು ಥರ್ಮಾಮೀಟರ್ ಕಡೆ ನೋಡುತ್ತಾರೆ. ಬಿಸಿ ಎಷ್ಟು ಏರಿತು, ಗಿಡಗಳು ಎಷ್ಟು ಮೇಲೆ ಹೋದವು ಎಂದು ಲೆಕ್ಕ ಹಾಕುತ್ತಾರೆ. ಉಷ್ಣವಲಯದಲ್ಲಿ ಆ ಲೆಕ್ಕ ಅರ್ಧ ಮಾತ್ರ. ಉಳಿದರ್ಧ ಮೋಡದ ಕೈಯಲ್ಲಿದೆ. ಕೆಳಗಿನ ಉತ್ತರಗಳಲ್ಲಿ ಮೋಡದ ಮಾತು ಮತ್ತೆ ಮತ್ತೆ ಬರುವುದು ಅದಕ್ಕೇ.

ಯಾವ ಕಾಡುಗಳ ಬಗ್ಗೆ ಮಾತಾಡುತ್ತಿದ್ದೇವೆ?

ಭೂಮಧ್ಯರೇಖೆಯಿಂದ ಉತ್ತರಕ್ಕೂ ದಕ್ಷಿಣಕ್ಕೂ ಸುಮಾರು 23.5 ಡಿಗ್ರಿ ಅಕ್ಷಾಂಶದೊಳಗೆ ಬರುವ ಬೆಟ್ಟಗಳ ಕಾಡು. ದಕ್ಷಿಣ ಅಮೆರಿಕದ ಆಂಡೀಸ್, ಮಧ್ಯ ಅಮೆರಿಕದ ಬೆಟ್ಟಸಾಲು, ಪೂರ್ವ ಆಫ್ರಿಕಾದ ಕಿಲಿಮಂಜಾರೊ, ಇಥಿಯೋಪಿಯಾದ ಎತ್ತರದ ನಾಡು, ಬೋರ್ನಿಯೊದ ಕಿನಬಾಲು, ನ್ಯೂಗಿನಿ, ಹವಾಯಿ, ಪಶ್ಚಿಮ ಘಟ್ಟದ ಶೋಲಾ ಕಾಡು, ಎಲ್ಲ ಇದರಲ್ಲಿ ಸೇರುತ್ತವೆ.

ಎಷ್ಟು ಎತ್ತರದಿಂದ ಶುರು ಎಂದು ಒಂದೇ ಅಂಕಿ ಹೇಳಲು ಬರುವುದಿಲ್ಲ. ದೊಡ್ಡ ಬೆಟ್ಟಸಾಲುಗಳಲ್ಲಿ ಸದಾ ಮೋಡ ಮುಸುಕುವ ಕಾಡು ಸಾಮಾನ್ಯವಾಗಿ 1,200ರಿಂದ 2,500 ಮೀಟರ್ ನಡುವೆ ಸಿಗುತ್ತದೆ. ಕೆಲವೆಡೆ 3,000 ಮೀಟರ್ ದಾಟಿಯೂ ಇದೆ. ಆದರೆ ಸಮುದ್ರದ ನಡುವಿನ ಪುಟ್ಟ ದ್ವೀಪದಲ್ಲಿ 500 ಮೀಟರ್ ಎತ್ತರದಲ್ಲೇ ಅಂಥದೇ ಕಾಡು ಕಾಣುತ್ತದೆ. ದೊಡ್ಡ ಬೆಟ್ಟಸಾಲಿನ ವಿಶಾಲ ನೆಲ ಬಿಸಿಲು ಹೀರಿಕೊಂಡು ಸುತ್ತಲಿನ ಗಾಳಿಯನ್ನು ಬೆಚ್ಚಗಿಡುತ್ತದೆ, ಹಾಗಾಗಿ ಎಲ್ಲ ಪಟ್ಟಿಗಳೂ ಮೇಲಕ್ಕೆ ಸರಿಯುತ್ತವೆ. ದ್ವೀಪದ ಒಂಟಿ ಗುಡ್ಡಕ್ಕೆ ಆ ಶಾಖ ಇಲ್ಲ. ಜೊತೆಗೆ ಸಮುದ್ರದ ತೇವಗಾಳಿ ಬೇಗ ಮೋಡವಾಗುತ್ತದೆ.

ಬೆಟ್ಟದ ಕಾಡೆಲ್ಲ ಮೋಡದ ಕಾಡೇ?

ಅಲ್ಲ. ಮೋಡ ನೆಲಕ್ಕೆ ತಾಗುವ ಪಟ್ಟಿಯಲ್ಲಿರುವುದು ಮಾತ್ರ ಮೋಡದ ಕಾಡು. ಭೂಮಿಯ ಒಟ್ಟು ನೆಲದಲ್ಲಿ ಅದರ ಪಾಲು ಸುಮಾರು 0.4% ಎಂದು 2021ರ ಒಂದು ಅಧ್ಯಯನ ಅಂದಾಜು ಮಾಡಿದೆ. ಅಷ್ಟೇ ಜಾಗದಲ್ಲಿ ಜಗತ್ತಿನ ಹಕ್ಕಿ, ಸಸ್ತನಿ, ಕಪ್ಪೆಯಂಥ ಉಭಯವಾಸಿ ಮತ್ತು ಮರಜರಿ ಜಾತಿಗಳ ಸುಮಾರು 15% ಇದೆ. ಅದೇ ಅಧ್ಯಯನದ ಪ್ರಕಾರ 2001ರಿಂದ 2018ರೊಳಗೆ ಈ ಕಾಡಿನ 2.4% ಹೋಗಿದೆ.

ಮೇಲೆ ಹತ್ತಿದಂತೆ ಕಾಡು ಯಾಕೆ ಗಿಡ್ಡವಾಗುತ್ತದೆ?

ಚಳಿ ಒಂದೇ ಕಾರಣವಲ್ಲ. ತೇವ ಇರುವ ಗಾಳಿ ಪ್ರತಿ 100 ಮೀಟರಿಗೆ ಸುಮಾರು 0.5ರಿಂದ 0.6 ಡಿಗ್ರಿ ತಣ್ಣಗಾಗುತ್ತದೆ. ಚಳಿಯಲ್ಲಿ ಎಲೆಗೊಬ್ಬರ ಕೊಳೆಯುವುದು ನಿಧಾನ. ಕೊಳೆಯದಿದ್ದರೆ ಸಾರಜನಕ ಬಿಡುಗಡೆಯಾಗುವುದಿಲ್ಲ. ಬಯಲಿನ ಉಷ್ಣವಲಯದ ಕಾಡಿಗೆ ಸಾಮಾನ್ಯವಾಗಿ ರಂಜಕದ ಕೊರತೆ, ಎತ್ತರದ ಕಾಡಿಗೆ ಸಾರಜನಕದ ಕೊರತೆ. ಇದರ ಮೇಲೆ ಮೋಡ ಬಿಸಿಲನ್ನು ತಡೆಯುತ್ತದೆ, ನೆಲ ಸದಾ ನೆನೆದಿರುತ್ತದೆ, ಗಾಳಿ ಬಡಿಯುತ್ತದೆ. ತುದಿ ತಲುಪುವ ಹೊತ್ತಿಗೆ ಮರಗಳು ಸೊಟ್ಟಗೆ, ಕುಳ್ಳಗೆ, ಸಣ್ಣ ದಪ್ಪ ಎಲೆಯವಾಗಿರುತ್ತವೆ. ಮೈತುಂಬ ಪಾಚಿ.

ಆಲ್ಪ್ಸ್‌ನಂಥ ಚಳಿನಾಡಿನ ಬೆಟ್ಟಕ್ಕೂ ಇದಕ್ಕೂ ಏನು ವ್ಯತ್ಯಾಸ? ಅಲ್ಲೂ ಬಿಸಿ ಏರುತ್ತಿದೆ ಅಲ್ವಾ?

ಏರುತ್ತಿದೆ. ಆದರೆ ಅಲ್ಲಿನ ಮರ, ಪ್ರಾಣಿಗಳು ಒಂದೇ ವರ್ಷದಲ್ಲಿ ಕೊರೆಯುವ ಚಳಿಯನ್ನೂ ಬೇಸಿಗೆಯ ಬಿಸಿಯನ್ನೂ ಕಂಡಿರುತ್ತವೆ. ಉಷ್ಣವಲಯದ ಬೆಟ್ಟದಲ್ಲಿ ಹಗಲಿಗೂ ರಾತ್ರಿಗೂ ವ್ಯತ್ಯಾಸ ಜಾಸ್ತಿ ಇರಬಹುದು, ಆದರೆ ತಿಂಗಳಿಂದ ತಿಂಗಳಿಗೆ ಬಹಳ ಕಡಿಮೆ. ಒಂದೊಂದು ಎತ್ತರಕ್ಕೂ ಅದರದೇ ಹವೆ, ವರ್ಷವಿಡೀ ಹೆಚ್ಚುಕಡಿಮೆ ಒಂದೇ ರೀತಿ.

ಅಮೆರಿಕದ ಜೀವವಿಜ್ಞಾನಿ ಡೇನಿಯಲ್ ಜಾನ್ಜೆನ್ 1967ರಲ್ಲೇ ಇದನ್ನು ಎತ್ತಿ ಹೇಳಿದರು. ಅವರ ಮಾತಿನ ಸಾರ ಇಷ್ಟು: ಒಂದು ಬೆಟ್ಟದ ಕಣಿವೆದಾರಿ ಎಷ್ಟೇ ಮೀಟರ್ ಎತ್ತರವಿರಲಿ, ಉಷ್ಣವಲಯದ ಜೀವಿಗೆ ಅದು ದಾಟಲು ಹೆಚ್ಚು ಕಷ್ಟ. ಯಾಕೆಂದರೆ ಅಲ್ಲಿನ ಚಳಿಯನ್ನು ಅದು ಯಾವ ಋತುವಿನಲ್ಲೂ ಕಂಡಿಲ್ಲ. ಸಹಿಸುವ ಬಿಸಿಯ ವ್ಯಾಪ್ತಿ ಕಿರಿದಾದರೆ ಬದುಕುವ ಪಟ್ಟಿಯೂ ಕಿರಿದಾಗುತ್ತದೆ. ಎಷ್ಟೋ ಜಾತಿಗಳು ಕೆಲವೇ ನೂರು ಮೀಟರ್ ಎತ್ತರದ ಪಟ್ಟಿಯೊಳಗೆ ಇಡೀ ಬದುಕು ಕಳೆಯುತ್ತವೆ. ಹೀಗಿರುವಾಗ ಚಳಿನಾಡಿನ ಮರ ಗಮನಿಸದೆ ಬಿಡುವಂಥ 1 ಡಿಗ್ರಿ ಏರಿಕೆ ಇಲ್ಲಿ ದೊಡ್ಡದೇ. ಸರಾಸರಿ ಲೆಕ್ಕದಲ್ಲಿ ಅದು ಸುಮಾರು 180 ಮೀಟರ್ ಮೇಲಕ್ಕೆ ಹೋಗು ಎಂದು ಹೇಳಿದಂತೆ.

ಮೋಡಕ್ಕೆ ಇಷ್ಟು ಮಹತ್ವ ಯಾಕೆ? ಮಳೆ ಬಂದರೆ ಸಾಲದೇ?

ಸಾಲದು. ಮೋಡ ಈ ಕಾಡಿಗೆ ಕಡಿಮೆಯೆಂದರೂ ಮೂರು ಕೆಲಸ ಮಾಡಿಕೊಡುತ್ತದೆ.

ಮೊದಲನೆಯದು ನೀರು. ಗಾಳಿಯಲ್ಲಿ ತೇಲುವ ಮಂಜಿನ ಹನಿಗಳು ಎಲೆ, ಕೊಂಬೆ, ಪಾಚಿಗೆ ಬಡಿದು ಒಟ್ಟಾಗಿ ತೊಟ್ಟಿಕ್ಕುತ್ತವೆ. ಮಳೆಮಾಪಕ ಇದನ್ನು ಸರಿಯಾಗಿ ಹಿಡಿಯುವುದೇ ಇಲ್ಲ. ಹೀಗೆ ಸಿಗುವ ನೀರು ಸಾಮಾನ್ಯವಾಗಿ ಮಳೆಯ 5ರಿಂದ 20% ಇರುತ್ತದೆ. ಗಾಳಿಗೆ ಎದುರಾಗಿರುವ ಏಣುಗಳಲ್ಲಿ, ಮಳೆ ಇಲ್ಲದ ತಿಂಗಳುಗಳಲ್ಲಿ ಇದರ ಪಾಲು ಇನ್ನೂ ಬಹಳ ಹೆಚ್ಚು. ವರ್ಷದ ಮೊತ್ತ ನೋಡಿ ಇದು ಚಿಲ್ಲರೆ ಎಂದುಕೊಳ್ಳಬಾರದು. ಬೇಕಾದ ಹೊತ್ತಿನಲ್ಲಿ ಬರುವುದೇ ಇದರ ಬೆಲೆ.

ಎರಡನೆಯದು ಉಳಿತಾಯ. ಮೋಡ ಕವಿದಾಗ ಬಿಸಿಲು ಕಡಿಮೆ, ಗಾಳಿ ತೇವ. ಮರ ಎಲೆಯಿಂದ ಬಿಡುವ ನೀರಾವಿ ಇಳಿದುಹೋಗುತ್ತದೆ. ನನ್ನ ಪ್ರಕಾರ ಮಂಜು ತರುವ ನೀರಿಗಿಂತ ಮಂಜು ಉಳಿಸುವ ನೀರನ್ನೇ ಜನ ಹೆಚ್ಚು ಮರೆಯುತ್ತಾರೆ.

ಮೂರನೆಯದು ಸ್ವಲ್ಪ ವಿಚಿತ್ರ. ಕೆಲವು ಮರಗಳು ಎಲೆಯ ಮೇಲೆ ಕೂತ ನೀರನ್ನು ಎಲೆಯ ಮೂಲಕವೇ ಕುಡಿಯುತ್ತವೆ. ಕೋಸ್ಟರಿಕಾದ ಮೋಂಟೆವೆರ್ಡೆ ಎಂಬ ಮೋಡದ ಕಾಡಿನ ಮರಗಳಲ್ಲೂ ಬ್ರೆಜಿಲ್ ಬೆಟ್ಟಗಳ ಡ್ರಿಮಿಸ್ ಎಂಬ ಮರದಲ್ಲೂ ಇದನ್ನು ಅಳೆದು ತೋರಿಸಿದ್ದಾರೆ. ನೆಲ ಒಣಗಿದ ದಿನಗಳಲ್ಲಿ ನೀರು ಎಲೆಯಿಂದ ಬೇರಿನ ಕಡೆಗೆ ಇಳಿಯುವುದೂ ಉಂಟು.

ಮರದ ಮೇಲೆ ಬೆಳೆಯುವ ಆರ್ಕಿಡ್, ಜರಿಗಿಡ, ಪಾಚಿಗಳ ಸ್ಥಿತಿ ಇನ್ನೂ ನಾಜೂಕು. ಅವಕ್ಕೆ ನೆಲದ ಬೇರೇ ಇಲ್ಲ. ಪರಿಸರ ವಿಜ್ಞಾನಿ ನಳಿನಿ ನಾಡಕರ್ಣಿ ಮತ್ತು ಜೊತೆಗಾರರು ಮೋಂಟೆವೆರ್ಡೆಯಲ್ಲಿ ಇಂಥ ಗಿಡಗಳ ಹಾಸನ್ನು ಮಣ್ಣುಸಮೇತ ಎತ್ತಿ, ಮೋಡ ಕಡಿಮೆ ಇರುವ ಕೆಳಗಿನ ಮರಗಳ ಮೇಲೆ ಇಟ್ಟು ನೋಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೊಸ ಎಲೆ ಕಡಿಮೆಯಾಗಿತ್ತು, ಎಲೆಗಳ ಆಯಸ್ಸು ತಗ್ಗಿತ್ತು, ಸಾಯುವ ಗಿಡಗಳು ಹೆಚ್ಚಿದ್ದವು. ಬದಲಾಗಿದ್ದು ಸ್ವಲ್ಪ ಎತ್ತರ, ಮತ್ತು ಅದರ ಜೊತೆ ಮೋಡ.

ಬಿಸಿ ಗಾಳಿ ಹೆಚ್ಚು ನೀರಾವಿ ಹಿಡಿಯುತ್ತದೆ ಅಂತಾರೆ. ಹಾಗಾದರೆ ಮೋಡ ಜಾಸ್ತಿ ಆಗಬೇಕಲ್ಲ?

ಒಳ್ಳೆಯ ಪ್ರಶ್ನೆ. ಗಾಳಿ 1 ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ಆವಿ ಸುಮಾರು 7% ಹೆಚ್ಚುತ್ತದೆ ಎಂಬುದು ನಿಜ. ಆದರೆ ಮೋಡ ಯಾವ ಎತ್ತರದಲ್ಲಿ ಕಟ್ಟುತ್ತದೆ ಎಂದು ತೀರ್ಮಾನಿಸುವುದು ಗಾಳಿಯಲ್ಲಿರುವ ಒಟ್ಟು ಆವಿಯಲ್ಲ. ಗಾಳಿ ತನ್ನ ಸಾಮರ್ಥ್ಯದ ಎಷ್ಟು ಪಾಲು ತುಂಬಿಕೊಂಡಿದೆ ಎಂಬುದು. ಸಾಮರ್ಥ್ಯ ಹೆಚ್ಚಿ ತುಂಬಿದ್ದು ಅಷ್ಟೇ ವೇಗದಲ್ಲಿ ಹೆಚ್ಚದಿದ್ದರೆ ಗಾಳಿ ಇನ್ನೂ ಮೇಲೆ ಹೋಗಿ, ಇನ್ನೂ ತಣ್ಣಗಾದ ಮೇಲೆಯೇ ಹನಿ ಕಟ್ಟುತ್ತದೆ. ಗಾಳಿಯ ಉಷ್ಣತೆಗೂ ಇಬ್ಬನಿ ಕಟ್ಟುವ ಉಷ್ಣತೆಗೂ ನಡುವಿನ ಅಂತರ 1 ಡಿಗ್ರಿ ಹಿಗ್ಗಿದರೆ ಮೋಡದ ತಳ ಸುಮಾರು 125 ಮೀಟರ್ ಮೇಲೇರುತ್ತದೆ.

ನೆಲದ ಮೇಲೆ ಈಗ ಆಗುತ್ತಿರುವುದು ಇದೇ. ಸಮುದ್ರಕ್ಕಿಂತ ನೆಲ ಬೇಗ ಬಿಸಿಯಾಗುತ್ತಿದೆ. ಸಮುದ್ರದಿಂದ ಬರುವ ಆವಿ ಆ ವೇಗಕ್ಕೆ ಸಾಲುವುದಿಲ್ಲ. ಒಟ್ಟು ಮಳೆ ಕಡಿಮೆಯಾಗದೆಯೂ ಕಾಡು ಮೋಡದಿಂದ ಹೊರಗೆ ಬೀಳಬಹುದು. ಮಳೆಯ ಅಂಕಿ ಮಾತ್ರ ನೋಡಿಕೊಂಡು ಕೂತವರಿಗೆ ಇದು ಕಾಣುವುದೇ ಇಲ್ಲ.

ಇನ್ನೊಂದು ತೊಡಕು ಮೇಲಿನಿಂದ ಬರುತ್ತದೆ. ಹವಾಯಿಯಂಥ ವಾಣಿಜ್ಯ ಮಾರುತದ (ಹೆಚ್ಚುಕಡಿಮೆ ಒಂದೇ ದಿಕ್ಕಿನಿಂದ ಬೀಸುವ ಗಾಳಿಯ) ಪ್ರದೇಶಗಳಲ್ಲಿ ಸುಮಾರು 2,000 ಮೀಟರ್ ಮೇಲೆ ಒಣ, ಬೆಚ್ಚನೆ ಗಾಳಿಯ ಪದರವೊಂದು ಮುಚ್ಚಳ ಹಾಕಿದಂತೆ ಕೂತಿರುತ್ತದೆ. ಮೋಡ ಅದನ್ನು ದಾಟಿ ಹೋಗುವುದಿಲ್ಲ. ಕೆಳಗಿನಿಂದ ಮೋಡದ ತಳ ಏರಿ, ಮೇಲಿನ ಮುಚ್ಚಳ ಹಾಗೇ ಇದ್ದರೆ ನಡುವಿನ ಪಟ್ಟಿ ತೆಳುವಾಗುತ್ತದೆ. ಅಲ್ಲಿನ ಕಾಡಿಗೆ ಮೇಲೆ ಹೋಗಲು ಬೆಟ್ಟವಿದ್ದರೂ ಮೋಡವಿಲ್ಲ.

ಬೆಟ್ಟದ ಕಾಡನ್ನು ಮುಟ್ಟದೆ, ಕೆಳಗಿನ ಬಯಲಿನ ಕಾಡು ಮಾತ್ರ ಕಡಿದರೆ ತೊಂದರೆಯೇ?

ತೊಂದರೆ ಇದೆ. ಕೋಸ್ಟರಿಕಾದಲ್ಲಿ ಗಾಳಿ ಬೀಸಿ ಬರುವ ದಿಕ್ಕಿನ ತಗ್ಗುನೆಲದ ಕಾಡು ಕಡಿದು ಹುಲ್ಲುಗಾವಲು ಮಾಡಿದ್ದರು. ಆ ನೆಲದ ಮೇಲೆ ಮೋಡ ಕಟ್ಟುವುದು ಕಡಿಮೆಯಾಗಿದ್ದನ್ನು, ಮೋಡದ ತಳ ಮೇಲೇರುವುದನ್ನು ರಾಬರ್ಟ್ ಲಾಟನ್ ಮತ್ತು ಜೊತೆಗಾರರು 2001ರಲ್ಲಿ ಉಪಗ್ರಹ ಚಿತ್ರ ಮತ್ತು ಕಂಪ್ಯೂಟರ್ ಮಾದರಿಗಳಿಂದ ತೋರಿಸಿದರು. ಕಾಡಿನ ಮರಗಳು ಗಾಳಿಗೆ ನೀರಾವಿ ತುಂಬುತ್ತವೆ. ಹುಲ್ಲು ಅಷ್ಟು ತುಂಬುವುದಿಲ್ಲ, ನೆಲವನ್ನು ಹೆಚ್ಚು ಕಾಯಿಸುತ್ತದೆ. ಅದೇ ಗಾಳಿ ಬೆಟ್ಟ ಹತ್ತಿದಾಗ ಮೋಡ ತಡವಾಗಿ ಕಟ್ಟುತ್ತದೆ.

ಪೋರ್ಟೊರಿಕೋದಲ್ಲಿ 1989ರ ಹ್ಯೂಗೊ ಚಂಡಮಾರುತ ಕಾಡಿನ ಎಲೆಗಳನ್ನೆಲ್ಲ ಉದುರಿಸಿದ ಮೇಲೆ ಬೆಟ್ಟದ ತುದಿಗಳ ಮೇಲಿನ ಮೋಡ ಕೆಲಕಾಲ ಎತ್ತರಕ್ಕೆ ಸರಿದಿದ್ದನ್ನು ಗಮನಿಸಿದ್ದಾರೆ. ಎಲೆ ಚಿಗುರಿದ ಮೇಲೆ ಅದು ಮತ್ತೆ ಇಳಿಯಿತು. ಮೋಡ ಕಾಡನ್ನು ಬೆಳೆಸುತ್ತದೆ ಎಂದಷ್ಟೇ ಹೇಳಿದರೆ ಮಾತು ಪೂರ್ತಿಯಾಗಲ್ಲ. ಕಾಡೂ ಮೋಡವನ್ನು ಹಿಡಿದಿಡುತ್ತದೆ.

ನಿಯಮ ಮಾಡುವವರು ಹೆಚ್ಚಾಗಿ ಬೆಟ್ಟದ ತುದಿಗೆ ಬೇಲಿ ಹಾಕಿ ಬುಡವನ್ನು ಬಿಟ್ಟುಬಿಡುತ್ತಾರೆ. ಮೇಲಿನ ಲೆಕ್ಕ ನೋಡಿದರೆ ಅದು ಅರ್ಧ ಬೇಲಿ.

ಮರಗಳು ನಿಜವಾಗಿ ಬೆಟ್ಟ ಹತ್ತುತ್ತಿವೆಯೇ?

ಹತ್ತುತ್ತಿವೆ, ಆದರೆ ತಡವರಿಸುತ್ತ. ಒಂದೊಂದು ಮರ ನಡೆಯುವುದಿಲ್ಲ ನಿಜ. ಮೇಲ್ಗಡೆ ಸಸಿಗಳು ಹೆಚ್ಚಿ ಕೆಳಗಡೆ ಮರಗಳು ಸತ್ತಾಗ ಆ ಜಾತಿ ಮೇಲಕ್ಕೆ ಸರಿದಂತೆ. ಪೆರುವಿನ ಆಂಡೀಸ್‌ನಲ್ಲಿ ಗುರುತು ಹಾಕಿದ ತಾಕುಗಳ ಮರಗಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಅಳೆದಾಗ, ಮರದ ಕುಲಗಳು ಸರಾಸರಿ ವರ್ಷಕ್ಕೆ 2.5ರಿಂದ 3.5 ಮೀಟರ್ ಮೇಲೇರುತ್ತಿದ್ದವು ಎಂದು ಕೆನೆತ್ ಫೀಲಿ ತಂಡ 2011ರಲ್ಲಿ ವರದಿ ಮಾಡಿತು. ಕೇಳಲು ಚೆನ್ನಾಗಿದೆ. ಆದರೆ ಅಲ್ಲಿನ ಬಿಸಿ ಏರುತ್ತಿರುವ ವೇಗಕ್ಕೆ ಅದು ಸಾಲದು.

2018ರಲ್ಲಿ ಇನ್ನೂ ದೊಡ್ಡ ಲೆಕ್ಕ ಬಂತು. ಆಂಡೀಸ್ ಉದ್ದಕ್ಕೂ ಹರಡಿದ ಸುಮಾರು 200 ತಾಕುಗಳನ್ನು ನೋಡಿದರು. ಹೆಚ್ಚಿನ ಕಡೆ ಬಿಸಿ ಇಷ್ಟಪಡುವ ಜಾತಿಗಳ ಪಾಲು ಹೆಚ್ಚುತ್ತಿತ್ತು. ಆದರೆ ಎಲ್ಲ ಎತ್ತರದಲ್ಲೂ ಒಂದೇ ವೇಗದಲ್ಲಿ ಅಲ್ಲ. ಒಂದು ಬಗೆಯ ಕಾಡು ಮುಗಿದು ಇನ್ನೊಂದು ಶುರುವಾಗುವ ಗಡಿಗಳ ಹತ್ತಿರ ಬದಲಾವಣೆ ಕುಂಟುತ್ತಿತ್ತು. ಮೋಡದ ತಳ ಇರುವುದೂ ಅಂಥ ಒಂದು ಗಡಿಯಲ್ಲೇ. ಕೆಳಗಿನ ಮರಕ್ಕೆ ಮೇಲಿನ ಬಿಸಿ ಈಗ ಸರಿಹೊಂದುತ್ತದೆ, ಆದರೆ ಮಬ್ಬು ಬೆಳಕು, ನೆನೆದ ಮಣ್ಣು ಹೊಂದುವುದಿಲ್ಲ.

ನನಗೆ ಹೆಚ್ಚು ಯೋಚನೆ ಹುಟ್ಟಿಸಿದ್ದು ಬೇರೆಯದು. ಕೊಲಂಬಿಯಾ, ಕೋಸ್ಟರಿಕಾ ತಾಕುಗಳ ಅಧ್ಯಯನಗಳಲ್ಲಿ ಈ ಬದಲಾವಣೆಯ ಹೆಚ್ಚಿನ ಪಾಲು ಹೊಸ ಸಸಿಗಳಿಂದ ಬಂದದ್ದಲ್ಲ. ಚಳಿ ಬೇಕಾದ ಮರಗಳು ಸತ್ತಿದ್ದರಿಂದ ಬಂದದ್ದು. ಸರಾಸರಿ ಎತ್ತರ ಮೇಲೇರಿತು ಎಂದು ಕಾಗದದ ಮೇಲೆ ಕಾಣುತ್ತದೆ. ಆದರೆ ಮೇಲೆ ಹೊಸಬರು ಹೆಚ್ಚೇನೂ ಬಂದಿಲ್ಲ, ಕೆಳಗಿನವರು ಇಲ್ಲವಾಗಿದ್ದಾರೆ ಅಷ್ಟೇ. ಅದು ವಲಸೆ ಅಲ್ಲ, ಕುಗ್ಗುವುದು.

ಹಕ್ಕಿಗಳಿಗೆ ರೆಕ್ಕೆ ಇದೆಯಲ್ಲ, ಅವುಗಳಿಗೇನು ಕಷ್ಟ?

ಹಾರುವುದು ಸುಲಭ, ನೆಲೆಯೂರುವುದು ಕಷ್ಟ. ನ್ಯೂಗಿನಿಯ ಕರಿಮುಯಿ ಬೆಟ್ಟದಲ್ಲಿ ಜೇರೆಡ್ ಡೈಮಂಡ್ 1960ರ ದಶಕದಲ್ಲಿ ಯಾವ ಹಕ್ಕಿ ಯಾವ ಎತ್ತರದಲ್ಲಿದೆ ಎಂದು ದಾಖಲಿಸಿದ್ದರು. ಸುಮಾರು ಐವತ್ತು ವರ್ಷ ಕಳೆದ ಮೇಲೆ ಬೆಂಜಮಿನ್ ಫ್ರೀಮನ್ ಮತ್ತು ಅಲೆಕ್ಸಾಂಡ್ರಾ ಕ್ಲಾಸ್ ಫ್ರೀಮನ್ ಅದೇ ಜಾಡಿನಲ್ಲಿ ಮತ್ತೆ ಎಣಿಸಿದರು. ಅಷ್ಟರಲ್ಲಿ ಅಲ್ಲಿ ಬಿಸಿ ಏರಿದ್ದು 0.4 ಡಿಗ್ರಿಯಷ್ಟು ಮಾತ್ರ. ಹಕ್ಕಿಗಳ ಮೇಲಿನ ಗಡಿ ಸರಾಸರಿ 113 ಮೀಟರ್ ಏರಿತ್ತು. ನ್ಯೂಗಿನಿಯ ಉತ್ತರ ಕರಾವಳಿಯಾಚೆಯ ಕರ್ಕರ್ ದ್ವೀಪದಲ್ಲಿ 152 ಮೀಟರ್. ಮರಗಳಿಗಿಂತ ಹಕ್ಕಿಗಳು ಹೇಗೋ ಲೆಕ್ಕಕ್ಕೆ ಹತ್ತಿರ ಇವೆ.

ಕಿನಬಾಲು ಬೆಟ್ಟದ ಪತಂಗಗಳದ್ದೂ ಅಂಥದೇ ಕತೆ. 1965ರಲ್ಲಿ ಹಿಡಿದು ದಾಖಲಿಸಿದ ಜಾಗಗಳಿಗೆ 2007ರಲ್ಲಿ ಮತ್ತೆ ಹೋದಾಗ ಜಾತಿಗಳು ಸರಾಸರಿ 67 ಮೀಟರ್ ಮೇಲೆ ಸಿಕ್ಕವು.

ಆದರೆ ಪೆರುವಿನ ಪಾಂತಿಯಾಕೊಯಾ ಎಂಬ ಏಣಿನ ಸುದ್ದಿ ಬೇರೆ. ಅದರ ನೆತ್ತಿ ಇರುವುದು 1,400 ಮೀಟರ್ ಆಸುಪಾಸಿನಲ್ಲಿ. 1985ರಲ್ಲಿ ಅಲ್ಲಿ ತುದಿಯಲ್ಲಷ್ಟೇ ಇದ್ದ ಕೆಲವು ಹಕ್ಕಿ ಜಾತಿಗಳು 2017ರಲ್ಲಿ ಹುಡುಕಿದಾಗ ಸಿಗಲೇ ಇಲ್ಲ. ಕಾಡು ಹಾಗೇ ಇತ್ತು, ಯಾರೂ ಕಡಿದಿರಲಿಲ್ಲ. ಅವಕ್ಕೆ ಮೇಲೆ ಹೋಗಲು ಜಾಗ ಇರಲಿಲ್ಲ.

ಹಾಗಾದರೆ ಎಲ್ಲ ಬೆಟ್ಟದಲ್ಲೂ ಮೇಲೆ ಹೋದಂತೆ ಜಾಗ ಕಡಿಮೆಯೇ?

ಇಲ್ಲ, ಇದೊಂದು ತಪ್ಪು ಕಲ್ಪನೆ. ಜಗತ್ತಿನ 182 ಬೆಟ್ಟಸಾಲುಗಳ ಆಕಾರ ಅಳೆದ 2015ರ ಅಧ್ಯಯನದಲ್ಲಿ, ಮೇಲಕ್ಕೆ ಹೋದಂತೆ ಒಂದೇ ಸಮನೆ ಕಿರಿದಾಗುವವು ಮೂರರಲ್ಲಿ ಒಂದರಷ್ಟೇ ಇದ್ದವು. ಕೆಲವು ಸಾಲುಗಳಲ್ಲಿ ಮೇಲೆ ವಿಶಾಲ ಪ್ರಸ್ಥಭೂಮಿ ಇರುತ್ತದೆ. ಕೆಲವು ನಡುವಿನಲ್ಲಿ ಕಿರಿದಾಗಿ ಮತ್ತೆ ಹರಡುತ್ತವೆ. ಹಾಗಾಗಿ ಅಪಾಯದ ಪಟ್ಟಿ ಮಾಡುವಾಗ ಬೆಟ್ಟದ ಆಕಾರವನ್ನೂ ನೋಡಬೇಕು. ಒಂಟಿ ಗುಡ್ಡ, ಸಣ್ಣ ದ್ವೀಪ, ತಗ್ಗಿನ ಏಣು, ಇವು ಮೊದಲು ಸೋಲುತ್ತವೆ.

ಕೆಳಗಿನವು ಮೇಲೆ ಹೋದರೆ ಕೆಳಗೆ ಏನು ಬರುತ್ತದೆ?

ಹೆಚ್ಚೇನೂ ಇಲ್ಲ. ಉಷ್ಣವಲಯದ ಬಯಲೇ ಭೂಮಿಯ ಅತಿ ಬೆಚ್ಚನೆಯ ತೇವಗಾಡು. ಅದಕ್ಕಿಂತ ಬಿಸಿ ಜಾಗದಿಂದ ಬಂದು ಖಾಲಿ ತುಂಬುವ ಜಾತಿಗಳೇ ಇಲ್ಲ. ರಾಬರ್ಟ್ ಕೋಲ್ವೆಲ್ ತಂಡ 2008ರಲ್ಲಿ ಎತ್ತಿದ ಈ ಚಿಂತೆಗೆ ಇನ್ನೂ ಯಾರೂ ಸಮಾಧಾನ ಹೇಳಿಲ್ಲ.

ಹಂಬೋಲ್ಟ್ ಚಿತ್ರದ ಬಗ್ಗೆ ಕೇಳಿದ್ದೇವೆ. ಅದರಿಂದ ಏನು ಗೊತ್ತಾಯಿತು?

ಜರ್ಮನಿಯ ನಿಸರ್ಗ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1802ರಲ್ಲಿ ಇಕ್ವೆಡಾರ್‌ನ ಬೆಟ್ಟಗಳನ್ನು ಹತ್ತಿ, ಯಾವ ಎತ್ತರದಲ್ಲಿ ಯಾವ ಗಿಡ ಎಂದು ಚಿಂಬೊರಾಸೊ ಬೆಟ್ಟದ ಚಿತ್ರದ ಮೇಲೆ ಬರೆದರು. 2012ರಲ್ಲಿ ವಿಜ್ಞಾನಿಗಳು ಅಲ್ಲಿಗೆ ಮತ್ತೆ ಹೋಗಿ, ಗಿಡಗಳ ಪಟ್ಟಿಗಳು 500 ಮೀಟರಿಗೂ ಹೆಚ್ಚು ಏರಿವೆ ಎಂದರು. ಸುದ್ದಿ ಎಲ್ಲೆಡೆ ಹರಡಿತು. ಆಮೇಲೆ 2019ರಲ್ಲಿ ಇನ್ನೊಂದು ತಂಡ ಹಳೆಯ ಕಾಗದಪತ್ರ ಕೆದಕಿದಾಗ, ಹಂಬೋಲ್ಟ್ ಎತ್ತರದ ಗಿಡಗಳ ಮಾಹಿತಿಯನ್ನು ಹೆಚ್ಚಾಗಿ ಸಂಗ್ರಹಿಸಿದ್ದು ಅಂತಿಸಾನಾ ಎಂಬ ಬೇರೆ ಬೆಟ್ಟದಲ್ಲಿ ಎಂದು ತಿಳಿಯಿತು. ಅಲ್ಲಿ ಅಳೆದರೆ ಏರಿಕೆ 215ರಿಂದ 266 ಮೀಟರ್. ಬದಲಾವಣೆ ಸುಳ್ಳಾಗಲಿಲ್ಲ, ಅದರ ಗಾತ್ರ ಅರ್ಧಕ್ಕೆ ಇಳಿಯಿತು. ದೊಡ್ಡ ಅಂಕಿಗಳನ್ನು ಹಂಚುವ ಮೊದಲು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಬಿಸಿಯಾದರೆ ಕಾಡಿನ ಮೇಲ್ಗಡಿ ಯಾವಾಗಲೂ ಮೇಲಕ್ಕೇ ಹೋಗುತ್ತದಾ?

ಕಿಲಿಮಂಜಾರೊ ಇದಕ್ಕೆ ನೇರ ಉತ್ತರ. ಅಲ್ಲಿ ಕಾಡಿನ ಮೇಲ್ಗಡಿ ನೂರಾರು ಮೀಟರ್ ಕೆಳಗೆ ಇಳಿದಿದೆ. ಹವೆ ಬೆಚ್ಚಗಾಗಿದ್ದಷ್ಟೇ ಅಲ್ಲ, ಒಣಗಿತು. ಒಣಗಿದ್ದರಿಂದ ಬೆಂಕಿ ಹೆಚ್ಚಿತು. ಎತ್ತರದಲ್ಲಿನ ಎರಿಕಾ ಎಂಬ ಮರಗಳ ಕಾಡು ಸುಟ್ಟು ಪೊದೆಯಾಯಿತು. 1976ರ ನಂತರದ ಸುಮಾರು ಮೂವತ್ತು ವರ್ಷಗಳಲ್ಲಿ 150 ಚದರ ಕಿಲೋಮೀಟರಿನಷ್ಟು ಮೇಲುಕಾಡು ಹೋಯಿತು ಎಂದು ಆಂಡ್ರಿಯಾಸ್ ಹೆಂಪ್ 2005ರಲ್ಲಿ ಬರೆದರು. ಆ ಕಾಡು ಮಂಜಿನಿಂದ ಹಿಡಿಯುತ್ತಿದ್ದ ನೀರಿನ ನಷ್ಟದ ಮುಂದೆ, ನೆತ್ತಿಯ ಹಿಮ ಕರಗಿದ್ದರಿಂದ ಆಗುವ ನೀರಿನ ನಷ್ಟ ಚಿಕ್ಕದು. ಆದರೂ ಪತ್ರಿಕೆಗಳಲ್ಲಿ ಬರುವುದು ಹಿಮದ ಫೋಟೋ ಮಾತ್ರ.

ಆಂಡೀಸ್‌ನಲ್ಲಿ ಕಾಡಿನ ಮೇಲೆ ಹುಲ್ಲುಗಾವಲು ಶುರುವಾಗುತ್ತದೆ. ಅಲ್ಲಿ ಬಿಸಿ ಏರಿದರೂ ಮರದ ಗಡಿ ಬಹುತೇಕ ನಿಂತಲ್ಲೇ ನಿಂತಿದೆ. ದನಕರು ಮೇಯುತ್ತವೆ, ಬೆಂಕಿ ಹಾಕುತ್ತಾರೆ. ನೆರಳಿಲ್ಲದ ಕಡೆ ಹಗಲಿನ ಉರಿಬಿಸಿಲೂ ರಾತ್ರಿಯ ಹೆಪ್ಪುಗಟ್ಟಿಸುವ ಚಳಿಯೂ ಸಸಿಯನ್ನು ಕೊಲ್ಲುತ್ತವೆ. ಶೋಲಾ ಕಾಡು ಮತ್ತು ಅದರ ಸುತ್ತಲಿನ ಹುಲ್ಲುಗಾವಲಿನ ನಡುವೆಯೂ ಇಂಥದೇ ಗಡಿ ಇದೆ. ಅಲ್ಲಿ ಚಳಿಗಾಲದ ರಾತ್ರಿ ಹುಲ್ಲಿನ ಮೇಲೆ ನೀರು ಹೆಪ್ಪುಗಟ್ಟುವುದು ಮರದ ಸಸಿಗಳನ್ನು ತಡೆಯುವ ಮುಖ್ಯ ಕಾರಣಗಳಲ್ಲಿ ಒಂದು. ಅಂಥ ರಾತ್ರಿಗಳು ಕಡಿಮೆಯಾದರೆ ಮೊದಲು ಒಳನುಗ್ಗುವುದು ಶೋಲಾ ಮರವೇ ಆಗಬೇಕೆಂದಿಲ್ಲ. ಹೊರನಾಡಿನ ಅಕೇಶಿಯಾ ಆಗಲೇ ಅಲ್ಲಿದೆ.

ಮೋಂಟೆವೆರ್ಡೆಯ ಚಿನ್ನದ ನೆಲಗಪ್ಪೆಯನ್ನು ಕೊಂದದ್ದು ಹವಾಮಾನ ಬದಲಾವಣೆಯೇ?

ಇದಕ್ಕೆ ಒಂದು ಪದದ ಉತ್ತರ ಬಯಸುವವರು ಬಹಳ. ಕತೆ ಹೀಗಿದೆ. ಗಂಡು ಹೊಳೆಯುವ ಕಿತ್ತಳೆ ಬಣ್ಣದ್ದು. ಇಡೀ ಜಗತ್ತಿನಲ್ಲಿ ಮೋಂಟೆವೆರ್ಡೆಯ ಮೇಲಿನ ಕೆಲವೇ ಚದರ ಕಿಲೋಮೀಟರಿನಲ್ಲಿ ಮಾತ್ರ ಇತ್ತು. 1987ರಲ್ಲಿ 1,500ಕ್ಕೂ ಹೆಚ್ಚು ಕಪ್ಪೆಗಳು ಮೊಟ್ಟೆಯಿಡಲು ಸೇರಿದ್ದವು. ಮರುವರ್ಷ ಬೆರಳೆಣಿಕೆಯಷ್ಟು. 1989ರಲ್ಲಿ ಒಂದೇ ಒಂದು ಗಂಡು. ಆಮೇಲೆ ಯಾರೂ ನೋಡಿಲ್ಲ.

ಜೆ. ಅಲನ್ ಪೌಂಡ್ಸ್ ಮತ್ತು ಜೊತೆಗಾರರು 1999ರಲ್ಲಿ ಅಲ್ಲಿ ಮಂಜಿಲ್ಲದ ಒಣ ದಿನಗಳು ಹೆಚ್ಚುತ್ತಿರುವುದನ್ನು ಈ ಕುಸಿತಕ್ಕೆ ಜೋಡಿಸಿದರು. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರವೂ ಅದೇ ಹೊತ್ತಿಗೆ ಬೆಳಕಿಗೆ ಬಂತು. ಅದಕ್ಕೆ 17ರಿಂದ 25 ಡಿಗ್ರಿ ಹಿತ, ಅಂದರೆ ಬೆಟ್ಟದ ಹವೆಯೇ. 2010ರಲ್ಲಿ ಮರಗಳೊಳಗಿನ ರಾಸಾಯನಿಕ ಗುರುತುಗಳಿಂದ ನೂರು ವರ್ಷದ ತೇವದ ಲೆಕ್ಕ ತೆಗೆದವರು, 1986–87ರ ಎಲ್ ನಿನ್ಯೊ (ಪೆಸಿಫಿಕ್ ಸಾಗರ ಬೆಚ್ಚಗಾಗಿ ಹವೆ ಏರುಪೇರಾಗುವುದು) ತಂದ ಒಣ ಹವೆಯೇ ಮುಖ್ಯ, ದೀರ್ಘಕಾಲದ ಒಣಗುವಿಕೆ ಕಾಣುವುದಿಲ್ಲ ಎಂದರು. ನನ್ನ ಓದಿನಲ್ಲಿ ಶಿಲೀಂಧ್ರವೇ ಕೊಂದಿದ್ದು, ಬರ ಅದಕ್ಕೆ ದಾರಿ ಮಾಡಿಕೊಟ್ಟಿರಬಹುದು. ಆದರೆ ಅಷ್ಟು ಸಣ್ಣ ಜಾಗದಲ್ಲಿ ಬದುಕುವ ಜಾತಿಗೆ ಒಂದು ಕೆಟ್ಟ ವರ್ಷ ಸಾಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ.

ಬಿಸಿಯಿಂದ ಬೆಟ್ಟಕ್ಕೆ ಹೊಸ ರೋಗಗಳು ಹತ್ತುತ್ತವೆಯೇ?

ಹವಾಯಿಯಲ್ಲಿ ಕಣ್ಣಮುಂದೆ ಆಗುತ್ತಿದೆ. ಅಲ್ಲಿನ ಹನಿಕ್ರೀಪರ್ ಎಂಬ ಪುಟ್ಟ ಹಕ್ಕಿಗಳಿಗೆ ಸೊಳ್ಳೆಯಿಂದ ಬರುವ ಹಕ್ಕಿ ಮಲೇರಿಯಾ ಮಾರಕ. ಸೊಳ್ಳೆಯೂ ರೋಗವೂ ಜನರ ಜೊತೆ ಹೊರಗಿನಿಂದ ಬಂದವು. ತಗ್ಗಿನ ಹಕ್ಕಿಗಳು ಬಹುಪಾಲು ಮುಗಿದಿವೆ. ಸುಮಾರು 13 ಡಿಗ್ರಿಗಿಂತ ತಣ್ಣಗಿದ್ದರೆ ಸೊಳ್ಳೆಯೊಳಗೆ ರೋಗಾಣು ಬೆಳೆಯುವುದಿಲ್ಲ. ಅದಕ್ಕೇ ಎತ್ತರದ ಕಾಡು ಈ ಹಕ್ಕಿಗಳ ಕೊನೆಯ ಆಸರೆಯಾಗಿತ್ತು. ಕವಾಯಿ ದ್ವೀಪದ ಬೆಟ್ಟಗಳು ತಗ್ಗು. ಅಲ್ಲಿ ತಣ್ಣನೆಯ ಪಟ್ಟಿ ಹೆಚ್ಚುಕಡಿಮೆ ಇಲ್ಲವಾಗಿದೆ, ಅಕಿಕಿಕಿ ಎಂಬ ಹಕ್ಕಿ ಕಾಡಿನಲ್ಲಿ ಬಹುತೇಕ ಅಳಿದಿದೆ.

ಚಂಡಮಾರುತಗಳು?

ದ್ವೀಪಗಳ ಬೆಟ್ಟದ ಕಾಡಿಗೆ ಅದು ಹೊಸದಲ್ಲ. ಆದರೆ 2017ರ ಮರಿಯಾ ಪೋರ್ಟೊರಿಕೋದಲ್ಲಿ ಹಿಂದಿನ ದೊಡ್ಡ ಬಿರುಗಾಳಿಗಳಿಗೆ ಹೋಲಿಸಿದರೆ ಎರಡು ಪಟ್ಟು ಮರಗಳನ್ನು ಕೊಂದಿತು, ಮುರಿದ ಕಾಂಡಗಳು ಮೂರು ಪಟ್ಟು. ಹಿಂದೆಲ್ಲ ತಡೆದು ನಿಂತಿದ್ದ ಗಟ್ಟಿ ಮರದ ಜಾತಿಗಳೂ ಈ ಸಲ ಮುರಿದವು. ಅಲ್ಲಿ ಮೇಲುಗೈ ಸಿಕ್ಕಿದ್ದು ಬಾಗಿ ಮತ್ತೆ ನಿಲ್ಲುವ ಪಾಮ್ ಮರಗಳಿಗೆ.

ಬೆಟ್ಟದ ಕೆಳಗಿನ ಊರುಗಳ ನೀರಿಗೆ ಏನಾಗುತ್ತದೆ?

ಎಷ್ಟೋ ದೊಡ್ಡ ಊರುಗಳ ನಲ್ಲಿ ನೀರು ಇಂಥ ಬೆಟ್ಟಗಳಿಂದಲೇ ಬರುತ್ತದೆ. ಹೊಂಡುರಾಸ್‌ನ ತೆಗುಸಿಗಾಲ್ಪ ಊರಿಗೆ ಲಾ ತಿಗ್ರಾ ಮೋಡದ ಕಾಡು ಗಣನೀಯ ಪಾಲು ಕೊಡುತ್ತದೆ. ಕೊಲಂಬಿಯಾದ ಬೊಗೊಟಾಗೆ ಹೆಚ್ಚಿನ ನೀರು ಚಿಂಗಾಸಾ ಬೆಟ್ಟಗಳದ್ದು. ಅಲ್ಲಿ ಮೇಲೆ ಪಾರಮೊ ಎಂಬ ಹುಲ್ಲುಪೊದೆಯ ನಾಡು, ಕೆಳಗೆ ಮೋಡದ ಕಾಡು. ಎಲ್ ನಿನ್ಯೊ ಬರದ ನಂತರ ಜಲಾಶಯ ತಳ ಕಂಡಾಗ 2024ರ ಏಪ್ರಿಲ್‌ನಲ್ಲಿ ಬೊಗೊಟಾ ನೀರನ್ನು ಬಡಾವಣೆಗಳಿಗೆ ಸರದಿ ಮೇಲೆ ಬಿಡಬೇಕಾಯಿತು. ಅದು ಸುಮಾರು ಒಂದು ವರ್ಷ ನಡೆಯಿತು.

ಕಾಡು ಇದ್ದರೆ ನೀರು ಹೆಚ್ಚುತ್ತದೆ ಎಂಬ ಮಾತು ಎಲ್ಲೆಡೆ ನಿಜವಲ್ಲ. ಬಯಲಿನ ಕಾಡು ತಾನೇ ಬಹಳ ನೀರು ಕುಡಿಯುತ್ತದೆ. ಮೋಡದ ಕಾಡು ಕಡಿಮೆ ಕುಡಿದು, ಮಂಜಿನಿಂದ ಸಂಪಾದಿಸಿ, ಬೇಸಿಗೆಯ ಹರಿವನ್ನು ಉಳಿಸುತ್ತದೆ. ಮೋಡ ಮೇಲೆ ಸರಿದರೆ ಮರಗಳಿದ್ದೂ ಈ ಗುಣ ಹೋಗುತ್ತದೆ. ಆಗ ಅದು ನೀರಿನ ಲೆಕ್ಕದಲ್ಲಿ ಮಾಮೂಲಿ ಕಾಡು.

ಕುಳ್ಳ ಮರಗಳ ಕಾಡಿನಲ್ಲಿ ಎಷ್ಟು ಇಂಗಾಲ ಇರುತ್ತದೆ?

ಅಂದುಕೊಂಡದ್ದಕ್ಕಿಂತ ಜಾಸ್ತಿ. ಆಫ್ರಿಕಾದ 12 ದೇಶಗಳ 44 ಬೆಟ್ಟಗಾಡುಗಳನ್ನು ಅಳೆದ 2021ರ ಅಧ್ಯಯನ, ನೆಲದ ಮೇಲಿನ ಮರಗಳಲ್ಲೇ ಸರಾಸರಿ ಹೆಕ್ಟೇರಿಗೆ ಸುಮಾರು 149 ಟನ್ ಇಂಗಾಲ ಇದೆ ಎಂದಿತು. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿ ಸಾಮಾನ್ಯ ಲೆಕ್ಕಕ್ಕೆ ಇಟ್ಟಿದ್ದ ಅಂಕಿಗಿಂತ ಇದು ಮೂರನೇ ಎರಡರಷ್ಟು ಹೆಚ್ಚು. ಇದಕ್ಕೆ ಮಣ್ಣಿನದನ್ನು ಇನ್ನೂ ಸೇರಿಸಿಲ್ಲ. ಚಳಿಯಲ್ಲಿ ಕೊಳೆಯದೆ ಉಳಿದ ಎಲೆಗೊಬ್ಬರ ಅಲ್ಲಿ ದಪ್ಪವಾಗಿ ಕೂತಿದೆ. ಬಿಸಿ ಏರಿ ನೆಲ ಒಣಗಿದರೆ ಅದು ಬೇಗ ಕೊಳೆತು ಗಾಳಿಗೆ ಹೋಗುತ್ತದೆ.

ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಮರ ಚೆನ್ನಾಗಿ ಬೆಳೆಯಬೇಕಲ್ಲ?

ಸಾರಜನಕವೇ ಸಾಲದ ಕಡೆ ಆ ಲಾಭ ಹೆಚ್ಚು ದೂರ ಹೋಗುವುದಿಲ್ಲ.

ಹಿಂದೆಯೂ ಹವಾಮಾನ ಬದಲಾಗಿತ್ತು. ಈ ಕಾಡುಗಳು ಉಳಿದುಕೊಂಡವಲ್ಲ?

ಉಳಿದುಕೊಂಡವು. ಸುಮಾರು 21,000 ವರ್ಷಗಳ ಹಿಂದೆ, ಹಿಮಯುಗದ ಗಟ್ಟಿ ಚಳಿಯಲ್ಲಿ, ಉಷ್ಣವಲಯದ ಬೆಟ್ಟಗಳು ಈಗಿಗಿಂತ ಹಲವು ಡಿಗ್ರಿ ತಣ್ಣಗಿದ್ದವು. ಬೊಗೊಟಾ ಸುತ್ತಲಿನ ಕೆರೆಗಳ ಕೆಸರಿನಲ್ಲಿ ಸಿಕ್ಕ ಹಳೆಯ ಹೂಪುಡಿಯನ್ನು ಥಾಮಸ್ ಫಾನ್ ಡರ್ ಹಾಮೆನ್ ಮತ್ತು ಅವರ ನಂತರದವರು ಓದಿದ್ದಾರೆ. ಕಾಡಿನ ಮೇಲ್ಗಡಿ ಆಗ ಈಗಿಗಿಂತ ಸಾವಿರ ಮೀಟರಿಗೂ ಹೆಚ್ಚು ಕೆಳಗಿತ್ತು. ಆಮೇಲೆ ಕಾಡು ಮೇಲೇರಿತು. ಇಡೀ ಕಾಡು ಒಟ್ಟಿಗೆ ಏರಲಿಲ್ಲ, ಒಂದೊಂದು ಜಾತಿ ಒಂದೊಂದು ವೇಗದಲ್ಲಿ ಹೋಯಿತು, ಹಿಂದೆಂದೂ ಇರದ ಬೆರಕೆಗಳು ಹುಟ್ಟಿದವು.

ಎರಡು ವ್ಯತ್ಯಾಸ ಇದೆ. ಆಗ ಆ ಏರಿಕೆಗೆ ಸಾವಿರಾರು ವರ್ಷ ಸಿಕ್ಕಿತ್ತು. ಜೊತೆಗೆ ಬುಡದಿಂದ ನೆತ್ತಿವರೆಗೆ ಕಾಡು ಮುರಿಯದೆ ಇತ್ತು. ಈಗ ನಡುವಿನಲ್ಲಿ ಗದ್ದೆ, ಹುಲ್ಲುಗಾವಲು, ರಸ್ತೆ. ಬಿಸಿ ಏರಿದಂತೆ ಬೆಟ್ಟದ ಬೆಳೆಗಳನ್ನೂ ರೈತರು ಮೇಲಕ್ಕೆ ಒಯ್ಯುತ್ತಾರೆ, ಅವರಿಗೂ ಬೇರೆ ದಾರಿ ಇಲ್ಲ. ಮೆಕ್ಸಿಕೋದ ಮೋಡದ ಕಾಡಿನ ಬಗ್ಗೆ 2012ರ ಒಂದು ಮುನ್ನಂದಾಜು, ಹವಾಮಾನ ಬದಲಾವಣೆಯಿಂದಲೇ 2080ರ ಹೊತ್ತಿಗೆ 68% ಹೋಗಬಹುದು ಎನ್ನುತ್ತದೆ. ಅದು ಕಂಪ್ಯೂಟರ್ ಮಾದರಿಯ ಲೆಕ್ಕ, ಭವಿಷ್ಯವಾಣಿ ಅಲ್ಲ. ಆದರೆ ದಿಕ್ಕು ತಪ್ಪಿರುವ ಸಾಧ್ಯತೆ ಕಡಿಮೆ.

ಸ್ಥಳೀಯವಾಗಿ ಮಾಡಬಹುದಾದ್ದು ಏನಾದರೂ ಇದೆಯೇ?

ಇದೆ. ಜಗತ್ತಿನ ಬಿಸಿಯನ್ನು ಒಂದು ಬೆಟ್ಟದ ಜನ ತಡೆಯಲಾರರು. ಆದರೆ ಮೋಡದ ತಳ ಎಲ್ಲಿರಬೇಕು ಎಂಬುದರಲ್ಲಿ ತಗ್ಗಿನ ನೆಲಕ್ಕೂ ಪಾಲಿದೆ. ಗಾಳಿ ಬರುವ ದಿಕ್ಕಿನ ತಗ್ಗಿನಲ್ಲಿ ಮರ ಉಳಿಸುವುದು, ಮತ್ತೆ ಬೆಳೆಸುವುದು ಬೆಟ್ಟಕ್ಕೂ ಕೆಲಸ ಮಾಡುತ್ತದೆ. ಎರಡನೆಯದು, ಬುಡದಿಂದ ನೆತ್ತಿಗೆ ಕಾಡಿನ ಪಟ್ಟಿ ಮುರಿಯದಂತೆ ಕೂಡಿಸುವುದು. ಅಡ್ಡಡ್ಡ ಸಂರಕ್ಷಿತ ಪ್ರದೇಶಗಳಿಗಿಂತ ಮೇಲೆಕೆಳಗೆ ಚಾಚಿದವು ಈಗ ಹೆಚ್ಚು ಉಪಯೋಗ. ಮೂರನೆಯದು ಬೆಂಕಿ ಮತ್ತು ಮೇಯಿಸುವಿಕೆಯ ಹತೋಟಿ, ವಿಶೇಷವಾಗಿ ಕಾಡಿನ ಮೇಲ್ಗಡಿಯಲ್ಲಿ. ಆದರೆ ಸಹಜ ಹುಲ್ಲುಗಾವಲಿನಲ್ಲಿ ಸುಮ್ನೆ ಗಿಡ ನೆಡುವ ಉತ್ಸಾಹ ಬೇಡ. ಅದು ಕಾಡು ಹಾಳಾದ ಜಾಗವಲ್ಲ, ಅದೇ ಒಂದು ನೆಲೆ.

ಹೋದ ಮೋಡದ ಕಾಡನ್ನು ಮತ್ತೆ ಬೆಳೆಸಬಹುದೇ?

ಮರಗಳನ್ನು ಬೆಳೆಸಬಹುದು. ಮರದ ಮೇಲಿನ ತೋಟ ಬರುವುದು ಬಹಳ ನಿಧಾನ. ಮೋಂಟೆವೆರ್ಡೆಯಲ್ಲಿ ಕೊಂಬೆಗಳ ಮೇಲಿನ ಪಾಚಿ, ಗಿಡಗಳ ಹಾಸನ್ನು ಪ್ರಯೋಗಕ್ಕಾಗಿ ಕೆರೆದು ತೆಗೆದಾಗ ಮೊದಲ ವರ್ಷಗಳಲ್ಲಿ ಹೆಚ್ಚೇನೂ ಬೆಳೆಯಲಿಲ್ಲ. ಪೂರ್ತಿ ಮುಚ್ಚಿಕೊಳ್ಳಲು ದಶಕಗಳೇ ಬೇಕು. ಅದೂ ಸುತ್ತ ಹಳೆಯ ಕಾಡು ಇದ್ದು, ಮಂಜು ಬರುತ್ತಿದ್ದ ಕಡೆ. ಮಂಜು ಹಿಡಿಯುವ ಕೆಲಸದ ದೊಡ್ಡ ಪಾಲು ಆ ಹಾಸಿನದೇ. ಹಾಗಾಗಿ ಸಾವಿರ ಸಸಿ ನೆಡುವ ಹಣ ಇದ್ದು, ಅದೇ ಬೆಟ್ಟದಲ್ಲಿ ಪಾಚಿ ಹೊತ್ತ ಹಳೆಯ ಮರಗಳು ಕೊಡಲಿಯ ಭಯದಲ್ಲಿದ್ದರೆ, ಮೊದಲ ಖರ್ಚು ಆ ಮರಗಳಿಗೆ.